ಗೂಗಲ್ ಇಲ್ಲದ ಕಾಲದಲ್ಲಿ ಇಂಟರ್ನೆಟ್‌ನಲ್ಲಿ ಮಾಹಿತಿ ಹೇಗೆ ಹುಡುಕುತ್ತಿದ್ದರು?

ಹೆಚ್ಚಾಗಿ ಮನುಷ್ಯರೇ ಮಾಡಿಟ್ಟ ಪಟ್ಟಿಗಳಿಂದ. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ಯಾಹೂ ಮೊದಲು ಇಂಥದ್ದೇ ಪಟ್ಟಿ. ಜನ ಕೂತು ಒಂದೊಂದೇ ಸೈಟ್ ನೋಡಿ, ವಿಷಯಕ್ಕೆ ತಕ್ಕಂತೆ ಜೋಡಿಸುತ್ತಿದ್ದರು.

ಕಲಬುರಗಿ ಆಗಿನ್ನೂ ಗುಲ್ಬರ್ಗ. ಅಲ್ಲಿನ ಸೈಬರ್ ಕೆಫೆಯಲ್ಲಿ ಕೃಷಿ ಓದುವ ಹುಡುಗನೊಬ್ಬ ತೊಗರಿಯ ನೆಟೆ ರೋಗದ ಬಗ್ಗೆ ಹುಡುಕುತ್ತಿದ್ದಾನೆ ಅಂದುಕೊಳ್ಳಿ. ವಿಜ್ಞಾನ, ಅದರೊಳಗೆ ಕೃಷಿ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್‌ನಂಥ ಸಂಶೋಧನಾ ಸಂಸ್ಥೆಯ ಸೈಟ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಇಂಥ ಸೈಟ್‌ಗಳಲ್ಲಿ ಎಷ್ಟೋ ಸಲ ಬೇರೆ ಒಳ್ಳೆಯ ಸೈಟ್‌ಗಳ ಕೊಂಡಿಗಳೂ ಇರುತ್ತಿದ್ದವು. ನನ್ನ ಕೇಳಿದರೆ ಆಗಿನ ನಿಜವಾದ ಆಸ್ತಿ ಆ ಕೊಂಡಿಗಳೇ. ಕನ್ನಡದಲ್ಲಿ ಹುಡುಕೋದು ಬಿಡಿ, ಅಕ್ಷರ ಮೂಡಿದರೇ ದೊಡ್ಡದು.

ಹುಡುಕುವ ಯಂತ್ರ ಇರಲಿಲ್ವಾ? ಇತ್ತು. 1995ರ ಕೊನೆಗೆ ಆಲ್ಟಾವಿಸ್ಟಾ ಬಂತು. ಆದರೆ ಅಂಥವು ಮುಖ್ಯವಾಗಿ ನೋಡುತ್ತಿದ್ದದ್ದು ಪುಟದಲ್ಲಿರುವ ಪದಗಳನ್ನು. ಅದೇ ಪದವನ್ನು ಸುಮ್ನೆ ನೂರು ಸಲ ತುಂಬಿದ ಕೆಲಸಕ್ಕೆ ಬಾರದ ಪುಟವೂ ಮೇಲೆ ಬರುತ್ತಿತ್ತು. ಪುಟ ಒಳ್ಳೆಯದೋ ಅಲ್ಲವೋ ಅಂತ ಪದ ಎಣಿಸಿ ತಿಳಿಯುವುದಿಲ್ಲ, ಅಲ್ವಾ?

1998ರಲ್ಲಿ ಬಂದ ಗೂಗಲ್ ಇನ್ನೊಂದು ಲೆಕ್ಕ ಹಿಡಿಯಿತು: ಈ ಪುಟಕ್ಕೆ ಬೇರೆ ಯಾರು ಯಾರು ಕೊಂಡಿ ಕೊಟ್ಟಿದ್ದಾರೆ, ಕೊಟ್ಟವರ ತೂಕ ಎಷ್ಟು? ಅಂದರೆ ಜನ ಕೈಯಾರೆ ಹಾಕಿದ್ದ ಕೊಂಡಿಗಳನ್ನೇ ಅದು ಓಟಿನ ಹಾಗೆ ಎಣಿಸಿತು.