ಮಾರುವಾಗಲೂ ಮುಯ್ಯಿ ಇರಲಿ

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮೂರಲ್ಲಿ ನಾಲ್ಕು ಮನೆಯವರು ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಪೇಟೆಯ ಅಂಗಡಿಯವರು ಒಬ್ಬರ ರೇಟು ತೋರಿಸಿ ಇನ್ನೊಬ್ಬರದ್ದು ಇಳಿಸುತ್ತಾರೆ. ಹೋದ ತಿಂಗಳು ಬೆಂಗಳೂರಿನವರು ಸಾವಿರ ಹಪ್ಪಳ ಕೇಳಿದರು. ನನ್ನಲ್ಲಿ ನಾನೂರೇ ಇತ್ತು, ಬಿಟ್ಟುಬಿಟ್ಟೆ. ಎಲ್ಲರೂ ಸೇರಿ ಸಂಘ ಕಟ್ಟಬೇಕೆಂದಿದ್ದೇವೆ. ಮೊದಲು ರಿಜಿಸ್ಟರ್ ಮಾಡಿಸಬೇಕಾ?"

ಸಂಪಾದಕರ ಉತ್ತರ:

ಅಕ್ಕ, ಆ ಆರ್ಡರ್ ಬಿಟ್ಟದ್ದು ಓದಿ ನನಗೂ ಸಂಕಟವಾಯಿತು. ಉಳಿದ ಆರುನೂರು ಹಪ್ಪಳ ಬೇಲಿಯಾಚೆ ಡಬ್ಬದಲ್ಲೇ ಇದ್ದಿರಬಹುದು, ಅಲ್ವಾ?

ನಮ್ಮ ಮಲೆನಾಡಲ್ಲಿ ಹಪ್ಪಳ ಒಬ್ಬರೇ ಮಾಡಿದ್ದು ಉಂಟಾ? ನಾನು ಚಿಕ್ಕವನಿದ್ದಾಗ ಅಮ್ಮ ಬೆಳಗಿನ ಜಾವವೇ ಹಲಸಿನ ತೊಳೆ ಬೇಯಲು ಇಡುತ್ತಿದ್ದಳು. ಒರಳಲ್ಲಿ ಕುಟ್ಟುವ ಸದ್ದು ಕೇಳಿದರೆ ಸಾಕು, ಕೇರಿಯ ಹೆಂಗಸರು ಮಣೆ ಹಿಡಿದು ಬರುತ್ತಿದ್ದರು. ಒಬ್ಬರು ಉಂಡೆ ಕಟ್ಟಿದರೆ ಇನ್ನೊಬ್ಬರು ಒತ್ತುವುದು. ಚಾಪೆಯ ಪಕ್ಕ ಕೂತು ಕಾಗೆ ಕಾಯುವುದು ಮಕ್ಕಳ ಕೆಲಸ. ನಾಳೆ ಅವರ ಮನೆಗೆ ಅಮ್ಮ ಹೋಗಬೇಕು. ಅದೇ ಮುಯ್ಯಿ. ಮಾಡುವಾಗ ಇದ್ದ ಮುಯ್ಯಿ ಮಾರುವಾಗ ಯಾಕೆ ನಿಲ್ಲಬೇಕು?

ಸಂಘದ ರಿಜಿಸ್ಟರ್‌ಗೆ ಅವಸರ ಬೇಡ. ಲಿಜ್ಜತ್ ಹಪ್ಪಳ ಗೊತ್ತಲ್ಲ? 1959ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ 7 ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ್ದು. ಸಂಸ್ಥೆಯಾಗಿ ನೋಂದಣಿಯಾದದ್ದು 1966ರಲ್ಲಿ. ಅವರ ಒಂದು ಪದ್ಧತಿ ನಿಮಗೆ ಜಾಸ್ತಿ ಉಪಯೋಗವಾದೀತು. ಹಿಟ್ಟು ಕಲಸುವುದು ಒಂದೇ ಕಡೆ, ಒಂದೇ ಅಳತೆಯಲ್ಲಿ. ಹೆಂಗಸರು ಅದನ್ನು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ತಂದುಕೊಡುತ್ತಾರೆ. ಯಾರ ಕೈಯ ಹಪ್ಪಳವಾದರೂ ರುಚಿ ಒಂದೇ.

ನೀವೂ ಇಲ್ಲಿಂದಲೇ ಶುರು ಮಾಡಿ. ಒಂದು ಮನೆಯದ್ದು ಖಾರ, ಇನ್ನೊಂದರದ್ದು ಉಪ್ಪು ಆದರೆ ಎರಡನೇ ಸಲ ಆರ್ಡರ್ ಬರುವುದಿಲ್ಲ. ಮೆಣಸು, ಉಪ್ಪು, ಕೊತ್ತಂಬರಿ ಎಷ್ಟೆಷ್ಟು ಎಂದು ನಾಲ್ವರೂ ಕೂತು ಗೊತ್ತು ಮಾಡಿಕೊಳ್ಳಿ. ಅಗಲಕ್ಕೆ ಒಂದೇ ಅಳತೆಯ ತಟ್ಟೆ ಇಟ್ಟುಕೊಳ್ಳಿ. ಪ್ಯಾಕೆಟ್ ಸೀಲ್ ಮಾಡುವ ಮಿಷನ್ ನಾಲ್ಕು ಮನೆಗೆ ಒಂದು ಸಾಕು. ಆರ್ಡರ್ ತಂದವರಿಗೆಷ್ಟು, ಹಪ್ಪಳ ಕೊಟ್ಟವರಿಗೆಷ್ಟು ಎಂಬುದನ್ನು ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತಿರದವರ ನಡುವೆ ಬಾಯಿಮಾತಿನ ಲೆಕ್ಕ ಬೇಡವೇ ಬೇಡ. ಎಷ್ಟೋ ಒಳ್ಳೆಯ ಗುಂಪುಗಳು ಇದರಿಂದಲೇ ಒಡೆದದ್ದನ್ನು ಕಂಡಿದ್ದೇನೆ.

ಒಂದು ಮಾತು ಮರೆಯಬೇಡಿ. ಸಂಘದ ನೋಂದಣಿ ಬೇರೆ, ಆಹಾರ ಮಾರಲು ಬೇಕಾದ, ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇರೆ. ಎರಡನೆಯದನ್ನು ತಡಮಾಡದೆ ಮಾಡಿಸಿ.

ಪೇಟೆಯ ಅಂಗಡಿಗೆ ಇನ್ನು ಮುಂದೆ ನಾಲ್ವರೂ ಒಂದೇ ರೇಟು ಹೇಳಿ. ಬೆಂಗಳೂರಿನವರ ನಂಬರ್ ಇದ್ದರೆ ಮತ್ತೆ ಫೋನ್ ಮಾಡಿ ನೋಡಿ. ಅದಕ್ಕೂ ಮೊದಲು ಪಕ್ಕದ ಮನೆಗೆ ಹೋಗಿ, ಡಬ್ಬದಲ್ಲಿ ಎಷ್ಟಿದೆ ಎಂದು ಕೇಳಿಕೊಂಡು ಬನ್ನಿ.