ಹೊಸ ಮನೆಯ ಅಡುಗೆಮನೆ ಮತ್ತು ಬಚ್ಚಲಿಗೆ ಕುಶಲಕರ್ಮಿಗಳು ಮಾಡಿದ ಯಾವ ಸಾಮಾನು ಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಹೊಸ ಮನೆ ಹೂಡುತ್ತಿದ್ದೀರಿ, ಕೈಯಲ್ಲಿರುವ ಹಣ ಸೀಮಿತ, ಕೈಕಸುಬಿನ ವಸ್ತುಗಳನ್ನೇ ಕೊಳ್ಳುವ ಆಸೆ, ಆದರೆ ಅವು ಶೋಕೇಸು ಸೇರದೆ ದಿನವೂ ಬಳಕೆಗೆ ಬರಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಕೊಳ್ಳಬೇಡಿ. ಒಂದನ್ನೇ ಕೊಳ್ಳುವುದಾದರೆ ಮರಿಗೆ, ಅಂದರೆ ಬಳಪದ ಕಲ್ಲಿನಲ್ಲಿ ಕಡೆದ ಪಾತ್ರೆ ಕೊಳ್ಳಿ.

ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕಡೆದದ್ದು ಇದೇ ಜಾತಿಯ ಮೆದು ಕಲ್ಲಿನಲ್ಲಿ. ಉಳಿಗೆ ಸುಲಭವಾಗಿ ಒಗ್ಗುವ ಗುಣವೇ ಪಾತ್ರೆ ಕಡೆಯುವವರಿಗೂ ಅನುಕೂಲ. ಹುಣಸೆ, ಮೊಸರು, ನಿಂಬೆ ಯಾವ ಹುಳಿ ಹಾಕಿದರೂ ಕಲ್ಲು ಕೆಡುವುದಿಲ್ಲ, ಅಡುಗೆಯೂ ಕಿಲುಬುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಉಪ್ಪಿನಕಾಯಿಗೂ ಹುಳಿ ಪದಾರ್ಥಗಳಿಗೂ ಮರಿಗೆಯನ್ನೇ ನೆಚ್ಚಿಕೊಂಡದ್ದು ಅದಕ್ಕಾಗಿ. ಕಾಯುವುದು ನಿಧಾನ, ಆರುವುದು ಇನ್ನೂ ನಿಧಾನ. ಒಲೆ ಆರಿಸಿದ ಮೇಲೂ ಸಾರು ಕೊತಕೊತ ಕುದಿಯುತ್ತಲೇ ಇರುತ್ತದೆ. ಹಾಗಾಗಿ ಬೇಳೆ ಹದಕ್ಕೆ ಬರುವ ಸ್ವಲ್ಪ ಮೊದಲೇ ಉರಿ ಆರಿಸಬೇಕು.

ಅಂಗಡಿಯಿಂದ ತಂದ ದಿನವೇ ಅದನ್ನು ಒಲೆಗೆ ಏರಿಸಬೇಡಿ, ಬಿರುಕು ಬಿಡುತ್ತದೆ. ಪಾತ್ರೆಯನ್ನು ಮೊದಲು ಪಳಗಿಸಬೇಕು. ಹರಳೆಣ್ಣೆಗೆ ಅರಿಸಿನ ಕಲಸಿ ಒಳಗೂ ಹೊರಗೂ ಧಾರಾಳವಾಗಿ ಸವರಿ ರಾತ್ರಿ ಹಾಗೇ ಬಿಡಿ. ಮಾರನೆಯ ದಿನ ಒರೆಸಿ, ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ತುಂಬಿಡಿ. ಆ ನೀರನ್ನು ದಿನವೂ ಬದಲಿಸಿ. ಒಂದು ವಾರ ಹೀಗೆ ಮಾಡಿದ ಮೇಲೆ ಗಂಜಿ ತುಂಬಿಸಿ ಅತಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಅಲ್ಲೇ ಆರಲು ಬಿಡಿ. ತಂದಾಗ ಬೂದಿಬಣ್ಣಕ್ಕಿದ್ದ ಕಲ್ಲು ಎಣ್ಣೆ ಕುಡಿಯುತ್ತಾ ಹೋದಂತೆ ಕಪ್ಪಾಗುತ್ತದೆ, ಕೈಗೆ ನುಣುಪಾಗಿ ಹತ್ತುತ್ತದೆ. ಬಿಸಿ ಪಾತ್ರೆಗೆ ತಣ್ಣೀರು ಸುರಿಯಬಾರದು, ಬರಿದಾಗಿ ಕಾಯಿಸಬಾರದು. ನಿಮ್ಮದು ಇಂಡಕ್ಷನ್ ಒಲೆಯಾದರೆ ಕಲ್ಲೂ ಮಣ್ಣೂ ಅದರ ಮೇಲೆ ಕಾಯುವುದಿಲ್ಲ, ಗ್ಯಾಸ್ ಒಲೆ ಬೇಕು. ಕೊಳ್ಳುವ ಮೊದಲು ಅಂಗಡಿಯಲ್ಲೇ ನೀರು ತುಂಬಿಸಿ ಸ್ವಲ್ಪ ಹೊತ್ತು ಇಟ್ಟು, ತಳವನ್ನು ಮುಟ್ಟಿ ನೋಡಿ. ತೇವ ಜಿನುಗಿದರೆ ಬೇಡ ಎನ್ನಿ.

ಹಿತ್ತಾಳೆ, ತಾಮ್ರದ ಹೊಳಪು ಕಂಡು ಎಲ್ಲರೂ ಮರುಳಾಗುತ್ತಾರೆ. ಅವುಗಳಲ್ಲಿ ಅಡುಗೆ ಮಾಡಬೇಕಾದರೆ ಒಳಗೆ ತವರದ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಹುಳಿ ತಗುಲಿ ಕಿಲುಬುತ್ತದೆ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಜೋರು ಉರಿಯಲ್ಲಿ ಇಡುವಂತಿಲ್ಲ. ಕಲಾಯಿ ಹಾಕುವುದನ್ನು ನೋಡುವುದೇ ಒಂದು ಸೊಗಸು: ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದೊಡನೆ ಬಿಳಿ ಹೊಗೆ ಏಳುತ್ತದೆ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಉಜ್ಜುತ್ತಿದ್ದಂತೆ ಒಳಮೈಯೆಲ್ಲ ಬೆಳ್ಳಗಾಗುತ್ತದೆ. ಈ ಕೆಲಸ ಬಲ್ಲವರು ಈಗ ಬೀದಿಗೆ ಬರುವುದು ಅಪರೂಪ. ಆದ್ದರಿಂದ ಪಾತ್ರೆ ಕೊಳ್ಳುವ ಅಂಗಡಿಯಲ್ಲೇ ‘ಮತ್ತೆ ಕಲಾಯಿ ಮಾಡಿಸಿಕೊಡುತ್ತೀರಾ?’ ಎಂದು ಕೇಳಿ. ಇಲ್ಲವೆಂದರೆ ಕುಡಿಯುವ ನೀರಿಗೆ ಒಂದು ತಾಮ್ರದ ಚೊಂಬು ತೆಗೆದುಕೊಂಡು ಹೊರಡಿ, ಸಾಕು.

ಚನ್ನಪಟ್ಟಣಕ್ಕೆ ಖಂಡಿತ ಹೋಗಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಆಟಿಕೆಯ ಊರೆಂದು ಪ್ರಸಿದ್ಧವಾದರೂ ಆಟಿಕೆ ಕಡೆಯುವ ಚರಕಿಯಲ್ಲೇ ಡಬ್ಬಿ, ಬಟ್ಟಲು, ಬಾಗಿಲಿನ ಹಿಡಿಗಳೂ ತಯಾರಾಗುತ್ತವೆ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬಿಸಿಗೆ ಅಂಟಿದ್ದು ಬಿಸಿಗೇ ಮೆತ್ತಗಾಗುತ್ತದೆ. ಕುದಿ ನೀರು, ಬಿಸಿ ಪಾತ್ರೆಯ ತಳ, ಡಿಶ್‌ವಾಷರ್ ಮೂರೂ ಅದಕ್ಕೆ ಆಗುವುದಿಲ್ಲ. ಏಲಕ್ಕಿ, ಲವಂಗ, ಕುಂಕುಮ ಇಡುವುದಕ್ಕೆ ಅದಕ್ಕಿಂತ ಚೆಂದದ ಡಬ್ಬಿ ನನಗೆ ಗೊತ್ತಿಲ್ಲ.

ಬೀದರಿನ ಬಿದ್ರಿ ಕಲೆಯ ಮೇಲೆ ನನಗೆ ಅಪಾರ ಗೌರವವಿದೆ, ಆದರೂ ಅಡುಗೆಮನೆಗೆ ಬೇಡ. ಅದು ಬಹುಪಾಲು ಸತುವು, ಅದರ ಮೇಲೆ ಬೆಳ್ಳಿಯ ಕುಸುರಿ. ಊಟದ ಪದಾರ್ಥ ಇಡುವ ವಸ್ತುವಲ್ಲ, ಹೂದಾನಿಯಾಗಿ ಪಡಸಾಲೆಯಲ್ಲಿರಲಿ.

ಬಚ್ಚಲಿಗೆ ಹೆಚ್ಚು ಬೇಕಿಲ್ಲ. ಹಂಡೆ ಒಲೆಯಿಲ್ಲದ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ತಾಮ್ರದ ಹಂಡೆ ಜಾಗ ತಿನ್ನುತ್ತದೆ ಅಷ್ಟೆ. ಕೈಮಗ್ಗದ ತೆಳು ಟವೆಲ್ ಕೊಳ್ಳಿ. ಹೊಸದರಲ್ಲಿ ಗಂಜಿಯ ಬಿರುಸಿಗೆ ನೀರು ಹೀರುವುದಿಲ್ಲ, ನಾಲ್ಕಾರು ಒಗೆತ ಕಂಡ ಮೇಲೆ ಮೆತ್ತಗಾಗಿ ಚೆನ್ನಾಗಿ ಹೀರುತ್ತದೆ. ಮಳೆಗಾಲದಲ್ಲಿ ದಪ್ಪ ಟವೆಲ್ ಮುಗ್ಗುಲು ಹಿಡಿದಿರುವಾಗ ಇದು ಫ್ಯಾನಿನ ಗಾಳಿಗೇ ಒಣಗಿರುತ್ತದೆ. ಮೈ ಉಜ್ಜಲು ಒಣಗಿದ ಹೀರೆಕಾಯಿಯ ನಾರು ಇದ್ದೇ ಇದೆ.

ಅಗ್ಗದಲ್ಲಿ ಸಿಗುವ ಎರಡು ವಸ್ತುಗಳನ್ನು ಮರೆಯಬೇಡಿ. ತೆಂಗಿನ ಚಿಪ್ಪಿನ ಸೌಟು ಒಂದು, ಮರಿಗೆಯೊಳಗೆ ಕದಡಲು ಸ್ಟೀಲಿಗಿಂತ ಅದೇ ಹಿತ, ಕಲ್ಲಿಗೆ ಗೀರು ಬೀಳುವುದಿಲ್ಲ. ಇನ್ನೊಂದು ಮೇದಾರರು ಹೆಣೆಯುವ ಬಿದಿರಿನ ಮೊರ. ನೆನೆಸಿದ ಮೆಂತ್ಯವನ್ನು ಕಾಗದದ ಚೂರಿನೊಂದಿಗೆ ರುಬ್ಬಿ ಬಳಿದು ಒಣಗಿಸಿದರೆ ಹೆಣಿಗೆಯ ಸಂದುಗಳು ಮುಚ್ಚಿ ಸಾಸಿವೆಯೂ ಸೋರದಂತಾಗುತ್ತದೆ. ಬಿದಿರು ಸೀಳಿ, ಹೆರೆದು, ಹೆಣೆದ ಆ ಮೊರಕ್ಕೆ ದಯವಿಟ್ಟು ಚೌಕಾಸಿ ಮಾಡಬೇಡಿ. ಮಾಲ್‌ನಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವವರು ರಸ್ತೆಬದಿಯಲ್ಲಿ ಕುಳಿತ ಹೆಂಗಸಿನೊಡನೆ ಹತ್ತು ರೂಪಾಯಿಗೆ ಜಗ್ಗಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಲ್ಲಿ ಕೊಳ್ಳುವುದು ಎಂದೂ ಕೇಳಿದ್ದೀರಿ. ಮೊದಲು ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಕಾವೇರಿ ಕರಕುಶಲ ಮಳಿಗೆಗೆ ಹೋಗಿ ಬೆಲೆ, ಗುಣಮಟ್ಟದ ಅಂದಾಜು ಮಾಡಿಕೊಳ್ಳಿ. ಮರದ ಸಾಮಾನಿಗೆ ಆಮೇಲೆ ಚನ್ನಪಟ್ಟಣಕ್ಕೆ ಹೋಗಿ ತಯಾರಿಸಿದವರಿಂದಲೇ ತೆಗೆದುಕೊಳ್ಳಿ. ಮೊರ, ಬುಟ್ಟಿಗೆ ನಿಮ್ಮ ಊರಿನ ಸಂತೆಯೇ ಸಾಕು.