ಕೂದಲಿಗೂ ತೂಕಕ್ಕೂ ಏನು ಸಂಬಂಧ?

ಪ್ರಶ್ನೆ: ಮಗನ ಮನೆಗೆಂದು ಅಟ್ಲಾಂಟಾಗೆ ಹೋಗಿದ್ದೆ. ಅಲ್ಲಿನ ಕಪ್ಪು ಹೆಂಗಸರಲ್ಲಿ ತುಂಬಾ ಜನ ದಪ್ಪಗಿದ್ದಾರೆ. ಸೊಸೆ ‘ಕರಿದದ್ದು ಜಾಸ್ತಿ ತಿಂತಾರೆ’ ಅಂದಳು, ಮಗ ‘ಅದು ವಂಶದಿಂದ ಬಂದದ್ದು’ ಅಂದ. ಆದರೆ ಅವರು ಎಷ್ಟು ಚೆಂದ ಅಲಂಕಾರ ಮಾಡಿಕೊಂಡು ಓಡಾಡುತ್ತಾರೆ! ಬೇಜಾರೇ ಇಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕಂಡದ್ದು ಸುಳ್ಳಲ್ಲ. 2017-18ರ ಅಮೆರಿಕದ ಸರ್ಕಾರಿ ಸಮೀಕ್ಷೆ ಪ್ರಕಾರ ವಯಸ್ಕ ಕಪ್ಪು ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ಬೊಜ್ಜಿತ್ತು, ಬಿಳಿ ಹೆಂಗಸರಲ್ಲಿ ಶೇ. 40. ಆದರೆ ಅದೇ ಸಮೀಕ್ಷೆಯಲ್ಲಿ ಕಪ್ಪು ಗಂಡಸರು ಶೇ. 41, ಬಿಳಿ ಗಂಡಸರು ಶೇ. 45! ಊಟ, ವಂಶ ಇಷ್ಟೇ ಕಾರಣವಾಗಿದ್ದರೆ ಅದೇ ಅಡುಗೆ ಉಣ್ಣುವ ಅಣ್ಣತಮ್ಮಂದಿರು ಯಾಕೆ ಹಾಗಿಲ್ಲ? ಹೆಂಗಸರ ಬದುಕಿನಲ್ಲೇ ಬೇರೆ ಏನೋ ಇದೆ ಅಲ್ವಾ?

ಒಂದು ಕಾರಣ ಕೇಳಿದರೆ ನಿಮಗೆ ನಗು ಬರಬಹುದು. ಕೂದಲು. ಗುಂಗುರು ಕೂದಲನ್ನು ಬಿಸಿ ಬಾಚಣಿಗೆಯಿಂದಲೋ ರಾಸಾಯನಿಕ ಹಚ್ಚಿಯೋ ನೇರ ಮಾಡಿಸಲು ಪಾರ್ಲರಿನಲ್ಲಿ ಗಂಟೆಗಟ್ಟಲೆ ಕೂರಬೇಕು, ದುಡ್ಡೂ ಸುರಿಯಬೇಕು. ಬಿಸಿಯಿಂದ ನೇರ ಮಾಡಿದ ಕೂದಲು ಚೆನ್ನಾಗಿ ಬೆವರಿದರೆ ಬುಡದಿಂದ ಮತ್ತೆ ಸುರುಳಿ. ಹಾಗಿರುವಾಗ ಜಿಮ್ಮಿಗೆ ಯಾರು ಹೋಗುತ್ತಾರೆ? ಸುಮ್ನೆ ಶೋಕಿ ಅನ್ನಬೇಡಿ. ಸಹಜ ಕೂದಲಲ್ಲಿ ಬಂದರೆ ಕೆಲಸ ಕೊಡದವರೂ ಇದ್ದರು. ಅಂಥ ತಾರತಮ್ಯ ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ತರಬೇಕಾಯಿತು. 2011ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯೆ) ಆಗಿದ್ದ ರೆಜಿನಾ ಬೆಂಜಮಿನ್, ಅವರೂ ಕಪ್ಪು ಮಹಿಳೆಯೇ, ಕೂದಲಿನ ಚಿಂತೆಯಿಂದ ವ್ಯಾಯಾಮ ಬಿಡಬೇಡಿ ಎಂದು ಹೇಳಿದ್ದು ನಿಮ್ಮ ಮಗನ ಅಟ್ಲಾಂಟಾದಲ್ಲೇ, ಅದೂ ಕೇಶಾಲಂಕಾರದ ಮೇಳದಲ್ಲಿ.

ಇನ್ನು ಬೇಜಾರಿನ ಮಾತು. ತೆಳ್ಳಗಿದ್ದರೇ ಚೆಂದ ಅನ್ನುವ ಒತ್ತಡ ಅವರಲ್ಲಿ ಕಡಿಮೆ. ನಮ್ಮ ಅಜ್ಜಿಯರು ಬಡಕಲು ಸೊಸೆಯನ್ನು ನೋಡಿ ‘ಹುಷಾರಿಲ್ವೇನೇ’ ಅನ್ನುತ್ತಿದ್ದರಲ್ಲ, ಆ ಥರ. ಮೈ ತುಂಬಿಕೊಂಡಿದ್ದರೆ ಅದೊಂದು ಲಕ್ಷಣ. ಇದರಿಂದ ತೂಕ ಇಳಿಸುವ ಆತುರ ಇಲ್ಲದಿರಬಹುದು, ನಿಜ. ಆದರೆ ಕನ್ನಡಿ ಮುಂದೆ ನಿಂತು ತನ್ನನ್ನೇ ಬೈದುಕೊಳ್ಳುವ ಕಾಟವೂ ಕಡಿಮೆ, ನನಗಂತೂ ಅದು ಲಾಭವೇ ಅನ್ನಿಸುತ್ತದೆ.

ಊಟದ ವಿಷಯಕ್ಕೆ ಬಂದರೆ, ಅವರ ಸಾಂಪ್ರದಾಯಿಕ ಅಡುಗೆಯಲ್ಲಿ ಸೊಪ್ಪು, ಅಲಸಂದೆ, ಬೆಂಡೆಕಾಯಿ ಎಲ್ಲಾ ಇವೆ. ಆದರೆ ಸೊಪ್ಪು ಬೇಯುವುದು ಹೆಚ್ಚಾಗಿ ಹಂದಿ ಮಾಂಸದ ಜೊತೆ. ಜೊತೆಗೆ ಕಪ್ಪು ಜನರ ಎಷ್ಟೋ ಬಡಾವಣೆಗಳಲ್ಲಿ ತಾಜಾ ತರಕಾರಿ ಅಂಗಡಿ ದೂರ, ಬರ್ಗರ್ ಅಂಗಡಿ ಬಾಗಿಲಲ್ಲೇ. ಇದಕ್ಕೆ ಒಂಟಿಯಾಗಿ ದುಡಿದು ಮಕ್ಕಳನ್ನೂ ವಯಸ್ಸಾದ ತಾಯಿಯನ್ನೂ ನೋಡಿಕೊಳ್ಳುವ ಹೊರೆ, ಅರೆನಿದ್ದೆ ಸೇರಿಸಿ. ದಿನವೂ ವರ್ಣಭೇದ ಅನುಭವಿಸುವವರ ತೂಕ ಜಾಸ್ತಿ ಏರಿದ್ದನ್ನು 1995ರಿಂದ ಸುಮಾರು 59,000 ಕಪ್ಪು ಹೆಂಗಸರನ್ನು ಗಮನಿಸುತ್ತಿರುವ ಬಾಸ್ಟನ್ನಿನ ಅಧ್ಯಯನವೊಂದು ಕಂಡಿದೆ.

ಹಾಗಂತ ಅವರು ಕೈಕಟ್ಟಿ ಕೂತಿಲ್ಲ. ಇಬ್ಬರು ಕಪ್ಪು ಗೆಳತಿಯರು 2010ರಲ್ಲಿ ಶುರುಮಾಡಿದ ‘ಗರ್ಲ್‌ಟ್ರೆಕ್’ನಲ್ಲಿ ಹೆಂಗಸರು ಒಟ್ಟಾಗಿ ತಮ್ಮ ಬೀದಿಯಲ್ಲೇ ವಾಕಿಂಗ್ ಹೋಗುತ್ತಾರೆ. ಜಿಮ್ಮಿನ ಖರ್ಚಿಲ್ಲ, ದಿನಕ್ಕೆ ಅರ್ಧ ಗಂಟೆ ಸಾಕು. ಈಗ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದಾರೆ. ಸೊಸೆಗೂ ಹೇಳಿ ನೋಡಿ.